ಗುಳಿಗೆಯೂ ಕಾಫಿಯೂ

ಒಂದೇ ಪಾತ್ರೆಯ ಕಾಫಿಯನ್ನು ಕುಡಿದ ಇಬ್ಬರಲ್ಲಿ ಒಬ್ಬರಿಗೆ ಗಾಢನಿದ್ರೆ, ಇನ್ನೊಬ್ಬರಿಗೆ ಜಾಗರಣೆ. ಹೆಂಗಸರ ವಿಷಯದಲ್ಲಂತೂ ಇದನ್ನು ಮನಸ್ಸಿನ ದೌರ್ಬಲ್ಯವೆಂದು ಹೇಳಿ ಸುಮ್ಮನಾಗುವುದುಂಟು. ಆದರೆ ದೇಹದಲ್ಲಿಯೇ ಇದಕ್ಕೆ ಕಾರಣವಿರಬಹುದು. ಅಂಥ ಕಾರಣಗಳಲ್ಲಿ ಒಂದಾದ ಸಂತಾನನಿಯಂತ್ರಣದ ಗುಳಿಗೆಯ ವಿಷಯವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಕಾಫಿ, ಚಹಗಳಿಗೆ ಉತ್ತೇಜಕ ಗುಣವನ್ನು ಕೊಡುವ ವಸ್ತು ಕೆಫೀನು. ಜರ್ಮನಿಯ ರಸಾಯನಶಾಸ್ತ್ರಜ್ಞನಾದ ರೂಂಗೆಯು 1819ರಲ್ಲಿ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದನು. ಕುಡಿದ ಸುಮಾರು ಮುಕ್ಕಾಲು ಗಂಟೆಯಲ್ಲಿ ಇದು ಬಹುಮಟ್ಟಿಗೆ ರಕ್ತವನ್ನು ಸೇರುತ್ತದೆ. ಅದನ್ನು ಮಾರ್ಪಡಿಸಿ ಹೊರಹಾಕಲು ಅಣಿಗೊಳಿಸುವ ಕೆಲಸ ಯಕೃತ್ತಿನದು. ಅಲ್ಲಿ ಈ ಕಾರ್ಯದ ಬಹುಭಾಗವನ್ನು ಸಿ.ವೈ.ಪಿ. 1ಎ2 ಎಂಬ ಒಂದೇ ಕಿಣ್ವವು ನಡೆಸುತ್ತದೆ. ರಕ್ತದಲ್ಲಿರುವ ಕೆಫೀನು ಅರ್ಧಕ್ಕಿಳಿಯಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆಂದು ಹೆಸರು. ಆರೋಗ್ಯವಂತ ವಯಸ್ಕರಲ್ಲಿ ಅದು ಸುಮಾರು 5 ಗಂಟೆ.

ಇನ್ನು ಗುಳಿಗೆಯ ವಿಚಾರ. ಇಂಥ ಗುಳಿಗೆಗೆ ಅಮೆರಿಕದಲ್ಲಿ ಮೊದಲು ಅನುಮತಿ ದೊರೆತದ್ದು 1960ರಲ್ಲಿ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಮಾಲಾ-ಎನ್, ಮಾಲಾ-ಡಿ ಗುಳಿಗೆಗಳಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನು ಇದೆ. ಇದು ಮೇಲೆ ಹೇಳಿದ ಕಿಣ್ವದ ವೇಗವನ್ನು ತಗ್ಗಿಸುತ್ತದೆ. ಇದರಿಂದ ಕೆಫೀನಿನ ಅರ್ಧಾಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ.

ಇದರ ಪರಿಣಾಮವನ್ನು ಲೆಕ್ಕದಿಂದ ತಿಳಿಯೋಣ. ಸಂಜೆ 5 ಗಂಟೆಗೆ 100 ಮಿಲಿಗ್ರಾಂ ಕೆಫೀನು ದೇಹಕ್ಕೆ ಸೇರಿತೆನ್ನಿ. ಅರ್ಧಾಯುಷ್ಯ 5 ಗಂಟೆಯಾದರೆ ರಾತ್ರಿ 10ಕ್ಕೆ 50, ಬೆಳಗಿನ ಜಾವ 3ಕ್ಕೆ 25 ಮಿಲಿಗ್ರಾಂ ಉಳಿಯುತ್ತದೆ. ಅದು 10 ಗಂಟೆಯಾದರೆ ರಾತ್ರಿ 10ಕ್ಕೆ ಸುಮಾರು 70, ಜಾವ 3ಕ್ಕೆ 50. ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುವವರಲ್ಲಿ ನಿನ್ನೆಯ ಶೇಷದ ಮೇಲೆ ಇಂದಿನದೂ ಕೂಡುತ್ತದೆ. ನಿದ್ರಾಹಾನಿ, ಎದೆಬಡಿತ, ಕೈನಡುಕಗಳು ಆಗ ತಲೆದೋರಬಹುದು.

ಗುಳಿಗೆಯೊಂದೇ ಈ ವೇಗವನ್ನು ಬದಲಿಸುವುದಲ್ಲ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಅದು ಇನ್ನೂ ತಗ್ಗುತ್ತದೆ, ಧೂಮಪಾನಿಗಳಲ್ಲಿಯಾದರೋ ಹೆಚ್ಚುತ್ತದೆ.

ಇಷ್ಟರಿಂದ ಗುಳಿಗೆ ಕೆಟ್ಟದ್ದೆಂದಾಗಲಿ, ಕಾಫಿ ವಿಷವೆಂದಾಗಲಿ ಭಾವಿಸಬಾರದು. ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸುವುದು ತರವಲ್ಲ. ಸಂಜೆಯ ಲೋಟವನ್ನು ಬಿಟ್ಟು ನೋಡುವುದು ಸುಲಭವಾದ ಪರೀಕ್ಷೆ. ನಿದ್ರೆ ಬಾರದೆಂದು ಹೇಳುವ ಹೆಣ್ಣುಮಗಳಿಗೆ ಧೈರ್ಯ ಹೇಳುವ ಮೊದಲು, ಆಕೆ ಯಾವ ಔಷಧ ಸೇವಿಸುತ್ತಾಳೆ, ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತಾಳೆ ಎಂದು ವಿಚಾರಿಸುವುದೇ ವಿವೇಕವೆಂದು ನನ್ನ ಅಭಿಪ್ರಾಯ.