‘ಲೈಕ್ಲಿ’ ಮತ್ತು ‘ಎಕ್ಸ್‌ಪೆಕ್ಟೆಡ್’

ಇಂಗ್ಲಿಷಿನ ‘ಲೈಕ್ಲಿ’, ‘ಎಕ್ಸ್‌ಪೆಕ್ಟೆಡ್’ ಎಂಬ ಎರಡು ವಿಶೇಷಣಗಳಿಗೂ ನಾವು ‘ಆಗಬಹುದಾದ’ ಎಂಬ ಒಂದೇ ಅರ್ಥವನ್ನು ಹಚ್ಚಿ ಮುಂದೆ ಸಾಗುತ್ತೇವೆ. ಇದರಿಂದ ಪರೀಕ್ಷೆಯಲ್ಲಿ ಒಂದೆರಡು ಮಾರ್ಕು ಹೋಗಬಹುದು. ಹೊಲದಲ್ಲಿ ಬೀಜವೇ ಹೋದೀತು.

‘ಲೈಕ್ಲಿ’ ಎಂಬುದು ಕುರುಹುಗಳನ್ನು ಕಂಡು ಆಡುವ ಮಾತು. ಎರೆಹೊಲದ ಮೇಲೆ ಮೋಡ ಕವಿದಿದೆ, ಗಾಳಿ ನಿಂತಿದೆ, ಸೆಕೆ ಹೆಚ್ಚಿದೆ. ಆಗ ಮಳೆ ‘ಲೈಕ್ಲಿ’. ಯಾರು ಕಾಯಲಿ, ಬಿಡಲಿ, ಆ ಸಂಭವ ಇದ್ದೇ ಇರುತ್ತದೆ. ‘ಎಕ್ಸ್‌ಪೆಕ್ಟೆಡ್’ ಎಂಬುದಕ್ಕಾದರೋ ಕಾಯುವವನೊಬ್ಬ ಬೇಕು. ಮೃಗಶಿರ ಕೂಡಿತೆಂದು ಹೆಸರಿನ ಬೀಜವನ್ನು ಸಜ್ಜುಮಾಡಿಕೊಂಡು ಕುಳಿತ ರೈತನಿಗೆ, ಆಕಾಶ ಬರಿದಾಗಿದ್ದರೂ, ಮಳೆ ‘ಎಕ್ಸ್‌ಪೆಕ್ಟೆಡ್’. ಆದುದರಿಂದ ‘ಯಾರು ಕಾಯುತ್ತಿದ್ದಾರೆ?’ ಎಂದು ಕೇಳಿನೋಡಿರಿ. ಉತ್ತರ ದೊರೆತರೆ ‘ಎಕ್ಸ್‌ಪೆಕ್ಟೆಡ್’. ಆ ಪ್ರಶ್ನೆಯೇ ಹೊಂದದಿದ್ದರೆ ‘ಲೈಕ್ಲಿ’.

ಒಂದು ಇದ್ದು ಇನ್ನೊಂದು ಇಲ್ಲದಿರುವುದೂ ಉಂಟು. ಕುಂದಗೋಳದ ಕಡೆ ದೊಡ್ಡ ಮಳೆಯಾದರೆ, ಇತ್ತ ನವಲಗುಂದದಲ್ಲಿ ಬಿಸಿಲಿದ್ದರೂ ಬೆಣ್ಣಿಹಳ್ಳ ಏರುವ ಸಂಭವವುಂಟು. ಹಳ್ಳ ದಾಟುವವನು ಅದನ್ನು ನೆನೆಸಿರುವುದಿಲ್ಲ. ಪ್ರವಾಹ ‘ಲೈಕ್ಲಿ’, ಆದರೆ ಅವನಿಗೆ ‘ಎಕ್ಸ್‌ಪೆಕ್ಟೆಡ್’ ಅಲ್ಲ. ಅಪಾಯವಿರುವುದು ಈ ಅಂತರದಲ್ಲಿಯೇ. 2019ರ ಆಗಸ್ಟ್ ತಿಂಗಳಲ್ಲಿ ಈ ಹಳ್ಳ ಉಕ್ಕಿ ತಾಲೂಕಿನ ಹೊಲಗಳಿಗೆ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ.

‘ಎಕ್ಸ್‌ಪೆಕ್ಟೆಡ್’ ಪದಕ್ಕೆ ಇನ್ನೊಂದು ಮುಖವಿದೆ. ‘ಸ್ಟೂಡೆಂಟ್ಸ್ ಆರ್ ಎಕ್ಸ್‌ಪೆಕ್ಟೆಡ್ ಟು ಬಿ ಪ್ರೆಸೆಂಟ್’ ಎಂದು ಫಲಕದ ಮೇಲೆ ಬರೆದಿದ್ದರೆ ಅದು ಭವಿಷ್ಯವಾಣಿಯಲ್ಲ, ವಿನಯದ ಆಜ್ಞೆ: ವಿದ್ಯಾರ್ಥಿಗಳು ಬರತಕ್ಕದ್ದು. ಅಲ್ಲಿ ‘ಲೈಕ್ಲಿ’ ಎಂದು ಬರೆದರೆ, ಬಂದರೂ ಬಂದಾರು ಎಂದಷ್ಟೇ ಆಯಿತು!

ಇನ್ನು ಹವಾಮಾನದ ಮಾತು. ಸಾಮಾನ್ಯ ಇಂಗ್ಲಿಷಿನಲ್ಲಿ ‘ಲೈಕ್ಲಿ’ ಎಂದರೆ ಆಗುವ ಪಾಲೇ ಹೆಚ್ಚು. ಆದರೆ ಭಾರತೀಯ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಬರೀ ‘ಲೈಕ್ಲಿ’ ಎಂದರೆ ನೂರಕ್ಕೆ 25ರಿಂದ 50ರಷ್ಟು ಸಂಭವ. ‘ವೆರಿ ಲೈಕ್ಲಿ’ ಎಂದರೆ 50ರಿಂದ 75. ‘ಮೋಸ್ಟ್ ಲೈಕ್ಲಿ’ ಎಂದರೆ 75ಕ್ಕೂ ಮೇಲು. ಹೀಗಿರಲು, ಬರೀ ‘ಲೈಕ್ಲಿ’ ಎಂದ ಮಳೆಯನ್ನು ‘ನಿರೀಕ್ಷಿತ ಮಳೆ’ ಎಂದು ಮನೆಯ ಹಿರಿಯರಿಗೆ ಓದಿ ಹೇಳಿದರೆ, ಒಣ ನೆಲಕ್ಕೆ ಬೀಜ ಬಿದ್ದೀತು. ತಪ್ಪು ಮಾತ್ರ ಓದಿದ ನಮ್ಮದು.

ಈ ಭೇದ ನಮಗೆ ಹೊಸದೇನಲ್ಲ. ‘ಮಳಿ ಬಂದೀತು’ ಎಂಬುದು ಸಂಭಾವನೆ. ‘ಮಳೀ ಹಾದಿ ಕಾಯಾಕತ್ತೀವಿ’ ಎಂಬುದು ನಿರೀಕ್ಷೆ. ನಮ್ಮ ಹಿರಿಯರು ಇವೆರಡನ್ನು ಎಂದೂ ಬೆರೆಸಿದವರಲ್ಲ. ಇಂಗ್ಲಿಷ್ ಬರೆಯುವಾಗ ನಾವೂ ಬೆರೆಸದಿರೋಣ.