ವಾಹನದ ನೆತ್ತಿಯ ಮೇಲೆ ಹರಿಗೋಲು: ಹೇರುವ ಕ್ರಮ, ಬಿಗಿಯುವ ಕ್ರಮ

ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯು ನರಗುಂದ ಕೊಣ್ಣೂರುಗಳನ್ನು ಹಿಂದಿಕ್ಕಿ, ಗೋವನಕೊಪ್ಪದ ಬಳಿ ಮಲಪ್ರಭೆಯನ್ನು ದಾಟಿ, ಬಾದಾಮಿಯ ದಾರಿ ಕವಲೊಡೆಯುವ ಕುಳಗೇರಿ ಕ್ರಾಸನ್ನು ಸೇರುತ್ತದೆ. ಈ ಕೂಡುದಾರಿಯಲ್ಲಿ ಅರ್ಧ ತಾಸು ನಿಂತು ನೋಡುವ ವ್ಯವಧಾನವುಳ್ಳವರಿಗೆ, ನಮ್ಮ ಜನ ವಾಹನಗಳ ನೆತ್ತಿಯ ಮೇಲೆ ಏನೇನನ್ನು ಹೇರಬಲ್ಲರೆಂಬುದು ತಾನಾಗಿ ತಿಳಿದುಬರುತ್ತದೆ: ಕಣಿಕಿಯ ಹೊರೆ, ನೀರಿನ ಪ್ಲಾಸ್ಟಿಕ್ ಟಾಕಿ, ಬನದ ಹುಣ್ಣಿಮೆ ಕಳೆದ ದಿನಗಳಲ್ಲಿ ಬನಶಂಕರಿಯ ಜಾತ್ರೆಯಿಂದ ಮರಳುವ ಬಾಗಿಲ ಚೌಕಟ್ಟು, ತೊಟ್ಟಿಲು, ಮತ್ತು ಒಮ್ಮೊಮ್ಮೆ ಮೀನುಗಾರಿಕೆಗೆಂದು ಒಂದು ನೀರಿನಿಂದ ಇನ್ನೊಂದು ನೀರಿಗೆ ಸಾಗುವ, ಬೋರಲಾಗಿ ಮಲಗಿದ ಹರಿಗೋಲು. ಇವುಗಳಲ್ಲಿ ಅರ್ಧದಷ್ಟನ್ನಾದರೂ ಕಟ್ಟಿದ ರೀತಿಯನ್ನು ಕಂಡರೆ ಹಿಂದೆ ಬರುವ ಬೈಕಿನವನ ಬಗೆಗೆ ಮರುಕವುಂಟಾಗದೆ ಇರದು.

ಹರಿಗೋಲು ನಮ್ಮ ನದಿಗಳಿಗೆ ಹೊಸತಲ್ಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನರೂ ದನಕರುಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂದು ತೊಗಲಿನ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಆಕ್ರಮಿಸಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಉಳಿದಿದೆ. ಈ ಬದಲಾವಣೆಯು ಸಾಗಾಟಕ್ಕೆ ಸಂಬಂಧಿಸಿದ್ದೇ ಆಗಿದೆ, ಏಕೆಂದರೆ ಡಾಂಬರು ಬೇಸಿಗೆಯ ಬಿಸಿಲಿಗೆ ಮೆತ್ತಗಾಗಿ ಹಗ್ಗಕ್ಕೂ ವಾಹನದ ಬಣ್ಣಕ್ಕೂ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಯಾದರೋ ಕಂಬಿಯ ಚೂಪಾದ ಅಂಚಿಗೆ ತಗುಲಿದರೆ ಹರಿದು, ನೀರಿಗಿಳಿದ ಮೇಲಷ್ಟೇ ತನ್ನ ದೋಷವನ್ನು ತೋರಿಸುತ್ತದೆ.

ಹೇರುವುದಕ್ಕೆ ಮೊದಲು ಮಾಡಬೇಕಾದ ಕೆಲಸವೆಂದರೆ ಲೆಕ್ಕ. ಪ್ರತಿಯೊಂದು ಕಾರಿನ ಮಾಡು ಎಷ್ಟು ಭಾರವನ್ನು ಹೊರಬಲ್ಲದೆಂಬುದು ತಯಾರಕರು ಕೊಡುವ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 50 ಕಿಲೋ ಆಸುಪಾಸಿನದು, ದೊಡ್ಡವುಗಳಲ್ಲಿ 75 ರಿಂದ 100 ಕಿಲೋ. ಅನೇಕರು ಮರೆಯುವ ಸಂಗತಿಯೆಂದರೆ, ಕಬ್ಬಿಣದ ಕ್ಯಾರಿಯರಿನ ತೂಕವೂ ಈ ಮಿತಿಯೊಳಗೇ ಸೇರಿದೆ. ಕ್ಯಾರಿಯರು 15 ಕಿಲೋ ತೂಗಿದರೆ 50ರಲ್ಲಿ ಹೊರೆಗೆ ಉಳಿಯುವುದು 35 ಮಾತ್ರ. ನಿಂತ ಕಾರಿನ ಮೇಲೆ ಇಬ್ಬರು ಹತ್ತಿ ಕುಳಿತರೂ ಏನೂ ಆಗಲಿಲ್ಲವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಓಡುವ ವಾಹನ ತಗ್ಗಿಗೆ ಬಿದ್ದ ಕ್ಷಣದಲ್ಲಿ ಮಾಡಿನ ಮೇಲೆ ಬೀಳುವ ಒತ್ತಡ ತಕ್ಕಡಿಯ ತೂಕಕ್ಕಿಂತ ಬಹಳ ಹೆಚ್ಚು.

ಎರಡನೆಯದು ಅಗಲ. ಆರಡಿ ವ್ಯಾಸದ ಹರಿಗೋಲು 1.83 ಮೀಟರಾಗುತ್ತದೆ, ಸಣ್ಣ ಕಾರುಗಳ ಅಗಲವಾದರೋ ಒಂದೂವರೆಯಿಂದ ಒಂದೂಮುಕ್ಕಾಲು ಮೀಟರಿನೊಳಗೆ. ಎಂದರೆ ಎರಡೂ ಬದಿಗೆ ಅದು ಚಾಚಿಕೊಂಡೇ ಇರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 93ನೆಯ ನಿಯಮವು ಹೊರೆಯು ವಾಹನದ ಪಕ್ಕಗಳಿಂದಾಗಲಿ ಹಿಂಬದಿಯಿಂದಾಗಲಿ ಹೊರಚಾಚುವುದನ್ನು ನಿಷೇಧಿಸುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ನೆಯ ಕಲಮಿನಲ್ಲಿ ಇಂತಹ ಹೊರೆಗೆ 20,000 ರೂಪಾಯಿ ದಂಡವೂ, ಇಳಿಸುವ ಖರ್ಚೂ ನಮೂದಾಗಿವೆ. ಆದ್ದರಿಂದ ಕಾರಿನ ಮೇಲೆ ಸಾಗಿಸಲು ತಕ್ಕದ್ದು ಐದಡಿಯೊಳಗಿನ, ಒಬ್ಬನೇ ಕುಳಿತು ಬಲೆ ಬೀಸುವ ಹರಿಗೋಲು ಮಾತ್ರ. ಅದೂ ಕಾರಿನ ಅಗಲವನ್ನು ಅಳೆದು ನೋಡಿದ ಮೇಲೆ. ಅದಕ್ಕಿಂತ ದೊಡ್ಡದಾದರೆ ಸರಕಿನ ಸಣ್ಣ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು, ತೊಟ್ಟಿಯೊಳಗೆ ಉದ್ದಕ್ಕೆ ಅಂಚಿನ ಮೇಲೆ ನಿಲ್ಲಿಸಿ, ಮೇಲಂಚಿನಿಂದ ಎರಡೂ ಪಕ್ಕದ ಕೊಕ್ಕೆಗಳಿಗೆ ಹಗ್ಗ ಹಾಯಿಸುವುದೇ ಲೇಸು. ಪ್ರಾಮಾಣಿಕವಾಗಿ ಹೇಳುವುದಾದರೆ, ನಮ್ಮ ಸೀಮೆಯಲ್ಲಿ ಕಾರಿನ ಮೇಲೆ ಕಾಣುವ ಹೊರೆಗಳಲ್ಲಿ ಬಹುಪಾಲು ಟಂಟಂ ಗಾಡಿಗೆ ಸೇರಬೇಕಾದವು.

ಇನ್ನು ಕ್ಯಾರಿಯರಿನ ವಿಚಾರ. ಅಂಬಾಸಿಡರ್, ಪದ್ಮಿನಿ ಮೊದಲಾದ ಹಳೆಯ ಕಾರುಗಳ ಮಾಡಿನಂಚಿನಲ್ಲಿ ಮಳೆನೀರು ಹರಿಯುವ ಕಾಲುವೆಯಂತಹ ತಗಡಿನ ಮಡಿಕೆಯಿರುತ್ತಿತ್ತು. ಕ್ಯಾರಿಯರಿನ ಕಾಲುಗಳು ಅದನ್ನು ಹಲ್ಲು ಕಚ್ಚಿದಂತೆ ಹಿಡಿದು ನಿಲ್ಲುತ್ತಿದ್ದವು. ಈಗಿನ ಕಾರುಗಳಲ್ಲಿ ಆ ಮಡಿಕೆಯಿಲ್ಲದ ಕಾರಣ, ಬಾಗಿಲಿನ ಚೌಕಟ್ಟಿನ ಒಳಅಂಚನ್ನು ಹಿಡಿಯುವ ಹಿಡಿಕೆಗಳನ್ನೋ, ಮಾಡಿನ ಉದ್ದಕ್ಕಿರುವ ಸರಳುಗಳನ್ನೋ ಅವಲಂಬಿಸಬೇಕಾಗುತ್ತದೆ. ಆದರೆ ಎಚ್ಚರ: ಎಷ್ಟೋ ಕಾರುಗಳಲ್ಲಿ ಆ ಸರಳುಗಳು ಕೇವಲ ಅಲಂಕಾರಕ್ಕಾಗಿ ಅಂಟಿಸಿದ ಪ್ಲಾಸ್ಟಿಕ್, ಹೊರೆ ಹೊರುವ ಶಕ್ತಿ ಅವಕ್ಕಿಲ್ಲ. ಕೈಪಿಡಿಯಲ್ಲಿ ಅವುಗಳಿಗೆ ಭಾರದ ಮಿತಿಯನ್ನು ಹೇಳಿರದಿದ್ದರೆ ಅವನ್ನು ನಂಬಲಾಗದು. ಮಾಡಿಗೆ ತೂತು ಕೊರೆದು ಕ್ಯಾರಿಯರನ್ನು ಬೋಲ್ಟಿನಿಂದ ಕೂರಿಸುವ ಗ್ಯಾರೇಜಿನ ಜಾಣತನವಂತೂ ಬೇಡವೇ ಬೇಡ. ನೀರು ಒಳಗಿಳಿಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ, ವಾಹನದ ಮಾರ್ಪಾಟಿನ ಕುರಿತು ಸಾರಿಗೆ ಇಲಾಖೆಯ ಪ್ರಶ್ನೆಯೂ ಏಳುತ್ತದೆ. ಅಡ್ಡಕಂಬಿಗಳೆರಡನ್ನು, ತಯಾರಕರು ಸೂಚಿಸಿದ ಸ್ಥಳಗಳ ಮಿತಿಯಲ್ಲಿ, ಸಾಧ್ಯವಾದಷ್ಟು ದೂರದೂರ ಇರಿಸಿ, ಗೋಣಿತಾಟಿನಿಂದಲೋ ಸೀಳಿದ ಸೈಕಲ್ ಟ್ಯೂಬಿನಿಂದಲೋ ಸುತ್ತಿಕೊಳ್ಳಬೇಕು.

ಹರಿಗೋಲನ್ನು ಯಾವಾಗಲೂ ಬೋರಲಾಗಿಯೇ ಇಡತಕ್ಕದ್ದು. ಮೇಲ್ಮುಖವಾಗಿಟ್ಟರೆ ಅದು ಗಾಳಿಯನ್ನೂ ಮಳೆನೀರನ್ನೂ ತುಂಬಿಕೊಳ್ಳುತ್ತದೆ. ಬೋರಲಾಗಿಟ್ಟಾಗಲೂ ಮುಂದಿನ ಅಂಚಿನಡಿಯಿಂದ ನುಗ್ಗುವ ಗಾಳಿ ಅದನ್ನೆತ್ತಲು ಯತ್ನಿಸುತ್ತಲೇ ಇರುತ್ತದೆ. ಗಾಳಿಯ ಒತ್ತಡವು ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇದ್ದುದು 80ರಲ್ಲಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಕ್ಯಾರಿಯರು ಹೊರೆಯನ್ನು ಹೊರುವುದಷ್ಟೇ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ, ಮೇಲಕ್ಕೆ ಎಂಬ ನಾಲ್ಕು ಚಲನೆಗಳನ್ನು ತಡೆಯಬೇಕಾದುದು ಹಗ್ಗ. ಈ ನಾಲ್ಕನ್ನೂ ಒಂದೊಂದಾಗಿ ಕೇಳಿಕೊಂಡು, ಪ್ರತಿಯೊಂದಕ್ಕೂ ಇಂತಹ ಹಗ್ಗವೆಂದು ಬೆರಳಿಟ್ಟು ತೋರಿಸಬಲ್ಲವನಿಗೆ ಕಟ್ಟಲು ಬರುತ್ತದೆಂದು ತಿಳಿಯಬಹುದು.

ಉದ್ದನೆಯ ದೋಣಿಗೆ ಅಡ್ಡಲಾಗಿ ಎರಡು ಸುತ್ತು ಬಿಗಿದರೆ ಸಾಕಾಗುತ್ತದೆ. ದುಂಡನೆಯ ಹರಿಗೋಲಿಗೆ ಆ ಕ್ರಮ ಒಪ್ಪದು: ಗುಮ್ಮಟದಂತಹ ಬೆನ್ನಿನ ಮೇಲೆ ಸಮಾನಾಂತರವಾಗಿ ಹಾಯಿಸಿದ ಹಗ್ಗಗಳು ಅಲುಗಾಟಕ್ಕೆ ಸಿಕ್ಕಿ ಅಂಚಿನ ಕಡೆಗೆ ಜಾರಿ ಸಡಿಲವಾಗುತ್ತವೆ, ಹರಿಗೋಲು ನಿಂತಲ್ಲೇ ತಿರುಗತೊಡಗುತ್ತದೆ. ಆದುದರಿಂದ ಮೊದಲು ಅದರ ಅಂಚನ್ನು ನಾಲ್ಕು ಕಡೆ ಅಡ್ಡಕಂಬಿಗಳಿಗೆ ಚಿಕ್ಕ ಹಗ್ಗಗಳಿಂದ ಕಟ್ಟಬೇಕು. ಆಮೇಲೆ ಎರಡು ಉದ್ದ ಹಗ್ಗಗಳನ್ನು ಬೆನ್ನಿನ ಮೇಲೆ ಕತ್ತರಿಯಾಗಿ ಹಾಯಿಸಿ, ಅವು ಸಂಧಿಸುವಲ್ಲಿ ಒಂದು ತುಂಡು ಹಗ್ಗದಿಂದ ಬಂಧಿಸಬೇಕು. ಕೊನೆಗೆ ಮುಂದಿನ ಅಂಚಿನಿಂದ ಎರಡು, ಹಿಂದಿನಿಂದ ಎರಡು ಹಗ್ಗಗಳನ್ನು ಇಳಿಬಿಟ್ಟು, ವಾಹನವನ್ನು ಎಳೆಯಲೆಂದು ಕೊಟ್ಟಿರುವ ಕೊಕ್ಕೆಗಳಿಗೆ ಕಟ್ಟಬೇಕು. ಬಂಪರಿಗೆ ಕಟ್ಟುವುದು ವ್ಯರ್ಥ. ಅದೂ ಈಗ ಪ್ಲಾಸ್ಟಿಕ್ಕೇ.

ಬಿಗಿಯುವ ವಿಧಾನವನ್ನು ಲಾರಿಯ ಕ್ಲೀನರುಗಳಿಂದ ಕಲಿಯುವುದು ಉತ್ತಮ. ಹಗ್ಗದ ಒಂದು ತುದಿಯನ್ನು ಒಂದು ಬದಿಯಲ್ಲಿ ಭದ್ರಪಡಿಸಿ, ಹೊರೆಯ ಮೇಲಿಂದ ಆಚೆಗೆ ಎಸೆದು, ಆ ಬದಿಯ ಕಂಬಿಗಿಂತ ಒಂದಡಿ ಮೇಲೆ ಹಗ್ಗದ ನಡುವಿನಲ್ಲೇ ಒಂದು ಕುಣಿಕೆ ತೆಗೆದು, ಉಳಿದ ತುದಿಯನ್ನು ಕಂಬಿಯ ಅಡಿಯಿಂದ ತಂದು, ಆ ಕುಣಿಕೆಯಲ್ಲಿ ಪೋಣಿಸಿ, ಕೆಳಮುಖವಾಗಿ ಜಗ್ಗಿದರೆ ರಾಟೆಯ ತತ್ತ್ವದಿಂದ ಎಳೆತವು ಸಿದ್ಧಾಂತರೀತ್ಯಾ ಮೂರು ಪಟ್ಟಾಗುತ್ತದೆ. ಘರ್ಷಣೆಯಲ್ಲಿ ಒಂದಷ್ಟು ನಷ್ಟವಾದರೂ ಒಬ್ಬ ಮನುಷ್ಯನ ಬಲಕ್ಕೆ ಅದು ಧಾರಾಳ. ಅಂಗಡಿಯ ಪಟ್ಟಿಗಳನ್ನು ಕೊಳ್ಳುವುದಾದರೆ ಪಾಲಿಯೆಸ್ಟರಿನದನ್ನು ಕೊಳ್ಳಿರಿ, ನೈಲಾನು ನೆನೆದಾಗ ಹಿಗ್ಗುತ್ತದೆ. ಹಲ್ಲುಚಕ್ರದ ಸನ್ನೆಯಿರುವ ಪಟ್ಟಿ ಹರಿಗೋಲಿಗೆ ಬೇಡ. ಅದರ ಅತಿಬಲಕ್ಕೆ ಬಿದಿರಿನ ಪಕ್ಕೆಗಳು ಮುರಿಯುತ್ತವೆ. ಗಾಳಿಗೆ ಪಟ್ಟಿ ಗುಂಯ್ಗುಟ್ಟುವುದನ್ನು ತಡೆಯಲು ಅದನ್ನು ಒಂದು ಸುತ್ತು ತಿರುಚಿ ಬಿಗಿದರಾಯಿತು. ಸೈಕಲ್ಲಿನ ರಬ್ಬರು ಹುರಿಯನ್ನು ಟಾರ್ಪಾಲಿನ ಮೂಲೆ ಹಿಡಿಯಲು ಬಳಸಬಹುದೇ ಹೊರತು ಹೊರೆ ಹಿಡಿಯಲು ಅಲ್ಲ.

ಜಾತ್ರೆಯ ಚೌಕಟ್ಟಿನ ಬಗೆಗೂ ಒಂದು ಮಾತು. ಏಳಡಿ ಎತ್ತರ, ಮೂರೂವರೆ ಅಡಿ ಅಗಲ, ನಾಲ್ಕಂಗುಲಕ್ಕೆ ಮೂರಂಗುಲ ದಪ್ಪದ, ಕೆಳಗೆ ಹೊಸ್ತಿಲುಳ್ಳ ಸಾಗವಾನಿಯ ಚೌಕಟ್ಟು, ಆ ಮರದ ತೂಕವನ್ನು ಘನಮೀಟರಿಗೆ 650 ಕಿಲೋ ಎಂದು ಹಿಡಿದರೆ, ಸುಮಾರು 32 ಕಿಲೋ ಆಗುತ್ತದೆ. ಕದಗಳು ಸೇರಿದರೆ ಒಟ್ಟು 70ರ ಹತ್ತಿರ. ಸಣ್ಣ ಕಾರಿನ ಮಾಡಿಗೆ ಇದು ಸಲ್ಲದು. ತೊಟ್ಟಿಲಾದರೆ ಬಿಡಿಭಾಗಗಳಾಗಿ ಬಿಚ್ಚಿ ಒಯ್ಯಬಹುದು.

ಹೊರಡುವ ಮುನ್ನ ಹೊರೆಸಹಿತವಾದ ಎತ್ತರವನ್ನು ಅಳೆದು, ಚಾಲಕನ ಕಣ್ಣಿಗೆ ಬೀಳುವಂತೆ ಬರೆದಿಡುವುದು ಒಳ್ಳೆಯದು; ರೈಲು ಹಳಿಗಳ ಕೆಳಸೇತುವೆಗಳಲ್ಲಿ ಅದು ನೆರವಾಗುತ್ತದೆ. ದೀಪಗಳೂ ನಂಬರ್ ಫಲಕವೂ ಮರೆಯಾಗಿರಬಾರದು. ಕ್ರಾಸಿನಿಂದ ಹೊರಟವರು ಮೊದಲ ಐದು ಕಿಲೋಮೀಟರಿನೊಳಗೆ ಒಮ್ಮೆ ನಿಂತು ಪ್ರತಿಯೊಂದು ಗಂಟನ್ನೂ ಕೈಯಿಂದ ಜಗ್ಗಿ ನೋಡಬೇಕು. ಹಗ್ಗ ಕುಳಿತುಕೊಳ್ಳುವುದು ಈ ಅವಧಿಯಲ್ಲಿಯೇ. ವಿಜಯಪುರದ ಕಡೆಗೆ ಹೋಗುವವರು ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರಿನ ಮೇಲಿನ ನೀಳ ಸೇತುವೆಯನ್ನೇರುವ ಮೊದಲು ಇನ್ನೊಮ್ಮೆ ನಿಲ್ಲಬೇಕು, ಅಲ್ಲಿ ಪಕ್ಕದ ಗಾಳಿಗೆ ಮರೆಯೆಂಬುದಿಲ್ಲ. ಅರವತ್ತರ ವೇಗವನ್ನು ಮೀರದಿರುವುದೂ, ರಸ್ತೆಯುಬ್ಬುಗಳನ್ನು ನೇರವಾಗಿ ನಿಧಾನವಾಗಿ ದಾಟುವುದೂ ಆವಶ್ಯಕ. ಮಳೆಗಾಲದಲ್ಲಿ ನದಿಯ ಸ್ಥಿತಿಯನ್ನು ವಿಚಾರಿಸಿಕೊಂಡೇ ಹೊರಡಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಈ ಹೆದ್ದಾರಿಯ ಸಂಚಾರವೇ ಕಡಿದುಹೋಗಿತ್ತು.

ಇಳಿಸುವಾಗ ಕತ್ತರಿ ಹಗ್ಗವನ್ನು ಮೊದಲು ಸಡಿಲಿಸಿ, ಅಂಚಿನ ಕಟ್ಟುಗಳನ್ನು ಕಡೆಗೆ ಬಿಚ್ಚಬೇಕು, ಇಲ್ಲವಾದರೆ ಗಾಳಿಯ ದಿನ ಹರಿಗೋಲು ಕೈಗೆ ಸಿಗುವ ಮೊದಲೇ ಉರುಳುತ್ತದೆ. ಕೆಲಸ ಮುಗಿದ ಕ್ಯಾರಿಯರನ್ನು ಕಾರಿನ ಮೇಲೆಯೇ ಬಿಡದೆ ಕಳಚಿಡಿ. ಬರಿದಾಗಿದ್ದರೂ ಅದು ಗಾಳಿಗೆ ಅಡ್ಡನಿಂತು ಪೆಟ್ರೋಲನ್ನು ಕುಡಿಯುತ್ತಲೇ ಇರುತ್ತದೆ.