ಕಿಲ್ಪೆಕ್‌ನ ಕಲ್ಕುಟಿಗರು

ಇಂಗ್ಲೆಂಡಿನ ಪಶ್ಚಿಮದಲ್ಲಿ, ವೇಲ್ಸ್ ನಾಡಿನ ಗಡಿಗೆ ತಾಗಿದಂತೆ ಹೆರೆಫರ್ಡ್‌ಷೈರ್ ಎಂಬ ಸೀಮೆಯಿದೆ. ಕಿಲ್ಪೆಕ್ ಆ ಸೀಮೆಯ ಒಂದು ಪುಟ್ಟ ಹಳ್ಳಿ. ಅಲ್ಲಿಯ ಚರ್ಚೂ ಪುಟ್ಟದೇ. ಎತ್ತರವಾದ ಗೋಪುರವಿಲ್ಲ, ವಿಶಾಲವಾದ ಪ್ರಾಂಗಣವಿಲ್ಲ. ಆದರೂ ಶಿಲ್ಪಕಲೆಯ ರಸಿಕರು ದೂರದೂರದಿಂದ ಅದನ್ನು ಅರಸಿಕೊಂಡು ಬರುತ್ತಾರೆ. ಸುಮಾರು 1140ರಲ್ಲಿ ಕೆಂಪು ಮರಳುಗಲ್ಲಿನ ಮೇಲೆ ಆಡಿದ ಉಳಿಯ ಗುರುತುಗಳು ಅಲ್ಲಿ ಇಂದಿಗೂ ಹಸನಾಗಿ ಉಳಿದಿವೆ.

ದಕ್ಷಿಣದ ಬಾಗಿಲನ್ನು ನೋಡಿರಿ. ಕಮಾನಿನ ಒಳಗಿನ ಅರ್ಧಚಂದ್ರಾಕಾರದ ಕಲ್ಲಿನಲ್ಲಿ ಜೀವವೃಕ್ಷ ಹಬ್ಬಿದೆ. ಕಮಾನಿನ ಸುತ್ತ ವಿಚಿತ್ರ ಮೃಗಪಕ್ಷಿಗಳು ಸಾಲುಗಟ್ಟಿವೆ. ಪಕ್ಕದ ಕಂಬಗಳಲ್ಲಿ ಹಾವುಗಳು ಹೆಣೆದುಕೊಂಡಿವೆ. ಬಳ್ಳಿಗಳ ನಡುವೆ ಟೊಪ್ಪಿಗೆ ಧರಿಸಿದ ಯೋಧರು ಸಿಕ್ಕಿಕೊಂಡಿದ್ದಾರೆ. ಬಳ್ಳಿ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಮೊದಲಾದ ಎಂಬುದನ್ನು ಕಣ್ಣು ಹುಡುಕಬೇಕಾಗುತ್ತದೆ.

ಬಾಗಿಲು ಗಂಭೀರವಾದುದು. ಕಲ್ಕುಟಿಗನ ನಗೆಯನ್ನು ಕಾಣಬೇಕಾದರೆ ತಲೆಯೆತ್ತಿ ಸೂರಿನ ಕೆಳಗೆ ನೋಡಬೇಕು. ಮಾಡಿನ ಅಂಚಿಗೆ ಆಸರೆಯಾಗಿ ಗೋಡೆಯಿಂದ ಹೊರಚಾಚಿದ 80ಕ್ಕೂ ಮಿಕ್ಕ ಕೆತ್ತನೆಯ ಕಲ್ಲುಗಳಿವೆ. ಒಂದರಲ್ಲಿ ನಾಯಿಯೂ ಮೊಲವೂ ಹಳೆಯ ಗೆಳೆಯರಂತೆ ಒತ್ತಿನಲ್ಲಿ ಕುಳಿತಿವೆ. ಬೇಟೆಯ ಮಾತೇ ಮರೆತುಹೋದಂತಿದೆ! ಇನ್ನೊಂದರಲ್ಲಿ ಒಬ್ಬನು ತಂತಿವಾದ್ಯ ನುಡಿಸುತ್ತಿದ್ದಾನೆ. ಮತ್ತೊಂದರಲ್ಲಿ ಧರ್ಮಸಂಕೇತವಾದ ದೇವರ ಕುರಿಮರಿಯಿದೆ. ಪವಿತ್ರವಾದುದಕ್ಕೂ ತಮಾಷೆಗೂ ಒಂದೇ ಸೂರು ಸಾಕೆಂದು ಆ ಕಾಲದವರು ಬಗೆದಿದ್ದರೆಂದು ತೋರುತ್ತದೆ.

ಈ ಶಿಲ್ಪಿಗಳ ಹೆಸರುಗಳು ನಮಗೆ ದೊರೆತಿಲ್ಲ. ಅವರ ಕೈವಾಡವನ್ನು ಮಾತ್ರ ಸುತ್ತಲಿನ ಊರುಗಳಲ್ಲಿ ಗುರುತಿಸಬಹುದು. ಎಂದೇ ವಿದ್ವಾಂಸರು ಇದನ್ನು 'ಹೆರೆಫರ್ಡ್‌ಷೈರ್ ಪಂಥ' ಎಂದು ಕರೆದಿದ್ದಾರೆ. ಕ್ಯಾಸಲ್ ಫ್ರೋಮ್ ಎಂಬಲ್ಲಿ ದೀಕ್ಷಾಸ್ನಾನದ ಕಲ್ಲುತೊಟ್ಟಿಯೊಂದಿದೆ. ಕುಗ್ಗಿ ಕುಳಿತ ಆಕೃತಿಗಳು ಅದರ ಭಾರವನ್ನು ಹೊತ್ತಿವೆ. ಮೇಲೆ ಯೇಸುವಿನ ದೀಕ್ಷಾಸ್ನಾನದ ದೃಶ್ಯವಿದೆ. ಎರ್ಡ್ಸ್‌ಲಿಯ ತೊಟ್ಟಿಯ ಮೇಲಾದರೋ ಇಬ್ಬರು ಯೋಧರು ಹೋರಾಡುತ್ತಿದ್ದಾರೆ. ಊರಿನ ಹಸುಗೂಸುಗಳನ್ನು ಧರ್ಮಕ್ಕೆ ಬರಮಾಡಿಕೊಳ್ಳುವ ನೀರನ್ನು ತುಂಬುತ್ತಿದ್ದುದು ಇಂತಹ ಪಾತ್ರೆಗಳಲ್ಲಿ.

ಇದೇ ಪಂಥದ ಶಿಲ್ಪಿಗಳು ಶಾಬ್ಡನ್ ಎಂಬ ಊರಿನಲ್ಲಿಯೂ ಒಂದು ಚರ್ಚನ್ನು ಅಲಂಕರಿಸಿದ್ದರು. ಅದರ ಭಾಗ್ಯ ಬೇರೆಯಾಯಿತು. 18ನೆಯ ಶತಮಾನದ ನಡುವೆ, ಹೊಸ ಚರ್ಚಿಗಾಗಿ ಹಳೆಯದನ್ನು ಕೆಡವಿದರು. ಕೆತ್ತನೆಯ ಕಮಾನುಗಳು ಮಾತ್ರ ಅಂದವಾಗಿ ಕಂಡವು. ಅವನ್ನು ಗುಡ್ಡದ ಮೇಲೆ ಸಾಗಿಸಿ, ದೂರದಿಂದ ಕಣ್ಣಿಗೆ ಸೊಗಸಾಗಲೆಂದು ಬಯಲಿನಲ್ಲಿ ನಿಲ್ಲಿಸಿದರು. ಇದು ಶಿಲ್ಪದ ಮೇಲಿನ ದ್ವೇಷದಿಂದ ಆದ ಕೆಲಸವಲ್ಲ; ಮೆಚ್ಚಿಕೆಯಿಂದಲೇ ಆದುದು. ಆದರೆ ಮರಳುಗಲ್ಲು ಮೃದು. ಮಳೆ, ಗಾಳಿ, ಹಿಮ ಇವುಗಳಿಗೆ ಯಾವ ಮರೆಯೂ ಇಲ್ಲದೆ ಮೈಯೊಡ್ಡಿದ ಮುಖಗಳು ಕರಗಿದವು, ಬಳ್ಳಿಗಳು ಅಳಿಸಿಹೋದವು. ಕಿಲ್ಪೆಕ್‌ನ ಬಾಗಿಲನ್ನು ಯಾರೂ ಗುಡ್ಡಕ್ಕೆ ಒಯ್ಯಲಿಲ್ಲ. ಶಾಬ್ಡನ್ನಿನ ಕಮಾನುಗಳು ಮೊದಲು ಹೇಗಿದ್ದವೆಂದು ತಿಳಿಯಬಯಸುವವರು ಇಂದು ಕಲ್ಲಿನ ಮುಂದೆ ನಿಂತರೆ ಸಾಲದು, ಜಿ. ಆರ್. ಲೂಯಿಸ್ ಎಂಬ ಚಿತ್ರಕಾರನು 1852ರಲ್ಲಿ ಪ್ರಕಟಿಸಿದ ರೇಖಾಚಿತ್ರಗಳನ್ನು ತೆರೆದು ನೋಡಬೇಕು.